ಕಾರಣ: ಒಂದು ಗೆರೆಯಷ್ಟು ಜಾಗ

ಕೇಪ್ ಟೌನಿನ ಬೆನ್ನಿಗೆ, ಪ್ರವಾಸಿಗರ ಬಸ್ಸು ತಿರುಗದ ಕಡೆ,
ಮರಳ ಬಯಲಲ್ಲಿ ನಮ್ಮ ಆಸ್ಪತ್ರೆ.
ರಾತ್ರಿ ಪಾಳಿಯ ಗುಮಾಸ್ತೆ ನಾನು, ಗೈರುನ್ನಿಸಾ.
ಸರಪಳಿ ಕಟ್ಟಿದ ಪೆನ್ನು, ನೀಲಿ ಫಾರ್ಮು.
ಹೆಸರು. ವಯಸ್ಸು. ವಿಳಾಸ. ಗಾಯ ಎಲ್ಲಿ.
ಆಮೇಲೆ, ಕಾರಣ.
ಅದಕ್ಕೆ ಒಂದೇ ಗೆರೆ, ನನ್ನ ಕಿರುಬೆರಳಿನುದ್ದ.

ಗಂಡಸರಿಗೆ ಬರೆಯುತ್ತೇನೆ: ಗುಂಡು. ಚಾಕು. ಒಮ್ಮೊಮ್ಮೆ ಇಟ್ಟಿಗೆ.
ಹೆಂಗಸರಿಗೆ: ಮೆಟ್ಟಿಲು.
ಹದಿನೆಂಟು ವರ್ಷದಲ್ಲಿ ನಾನು ಬರೆದ ಮೆಟ್ಟಿಲುಗಳನ್ನು
ಒಂದರ ಮೇಲೊಂದು ಜೋಡಿಸಿದರೆ
ಮೇಜಿನಂಥ ಆ ಬೆಟ್ಟ ಹತ್ತಿ ಆಚೆಯ ಕಡಲಿಗೆ ಇಳಿಯಬಹುದು.
ನೆಲಮಹಡಿಯಲ್ಲಿ ಇರುವವಳೂ
ಮೆಟ್ಟಿಲಿಂದಲೇ ಬಿದ್ದಿರುತ್ತಾಳೆ.
ನಾನು ಕೇಳುವುದಿಲ್ಲ.
ನನ್ನಮ್ಮನೂ ನೆಲಮಹಡಿಯವಳೇ.

ಈ ಶುಕ್ರವಾರ ಬಂದವಳು ಮರ್ಲೀನ್ ಆರೆಂಡ್ಸೆ, ನಲವತ್ತಾರು.
ಕೆಳದವಡೆ ಎರಡು ಕಡೆ ಮುರಿದಿದೆ, ಮಾತು ಹೊರಡುವುದಿಲ್ಲ.
ಟವೆಲ್ಲಿನಲ್ಲಿ ಗಲ್ಲ ಹಿಡಿದು ನಿಂತಿದ್ದಾಳೆ,
ಕಾದ ಪಾತ್ರೆ ಇಳಿಸಿಕೊಂಡವಳು
ಎಲ್ಲಿಡಲಿ ಎಂದು ಕೇಳುವ ಹಾಗೆ.

ಬಡವನ ಕೋಪ ದವಡೆಗೆ ಮೂಲ ಅಂತಾರೆ.
ಯಾರ ದವಡೆ ಅಂತ ಗಾದೆ ಹೇಳುವುದಿಲ್ಲ.

ಅವಳ ಗಂಡ ನನಗೆ ಗೊತ್ತು. ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಕತ್ತರಿಸುತ್ತಿದ್ದ,
ನಲವತ್ತು ಪದರ ಒಟ್ಟಿಗೆ, ಒಂದೆಳೆ ಆಚೀಚೆ ಆಗದಂತೆ.
ಹಡಗಿನಲ್ಲಿ ಅಗ್ಗದ ಅಂಗಿ ಬಂತು. ಗೇಟಿಗೆ ಬೀಗ ಬಿತ್ತು.
ಸಹಿ ಹಾಕಿದ ಕೈಗಳ ಮೇಲೆ ಯಾರೂ ಕೇಸು ಹಾಕಲಿಲ್ಲ.
ಕತ್ತರಿ ಹಿಡಿದ ಕೈ ಹನ್ನೊಂದು ವರ್ಷದಿಂದ ಖಾಲಿ.
ಇದು ಕ್ಷಮೆ ಅಲ್ಲ.
ಅದೇ ಬೀಗ ನನ್ನ ತಮ್ಮನ ಮೇಲೂ ಬಿತ್ತು,
ಅವನು ಟೊಮೇಟೊ ಮಾರುತ್ತಾನೆ, ಹೆಂಡತಿಯ ಮೇಲೆ ಕೈ ಮಾಡುವುದಿಲ್ಲ.
ಹಾಗಂತ ಬೀಗ ಸುಳ್ಳೂ ಅಲ್ಲ.

ಅದಕ್ಕೂ ಹಿಂದೆ, ಅವನ ಅಜ್ಜನಿಗೆ ಬಂದರಿನ ಬಳಿ ಮನೆಯಿತ್ತು.
ಇನ್ನು ಇದು ಬಿಳಿಯರಿಗೆ ಮಾತ್ರ ಎಂದೊಂದು ಕಾಗದ ಬಂತು,
ಬೆನ್ನಿಗೇ ಬುಲ್ಡೋಜರು.
ಒಂದು ಇಡೀ ಬೀದಿಯನ್ನು ಇಸ್ಪೀಟಿನಂತೆ ಕಲಸಿ
ಈ ಮರಳಿಗೆ ಎಸೆದರು,
ಎದುರುಮನೆಯ ಅಜ್ಜಿ ಎಲ್ಲೋ, ಚಿಕ್ಕಪ್ಪ ಇನ್ನೆಲ್ಲೋ.
ಅಲ್ಲಿ ಗಂಡಸು ಕೈ ಎತ್ತಿದರೆ
ಓಣಿಯೆಲ್ಲ ಬಾಗಿಲಿಗೆ ಬರುತ್ತಿತ್ತಂತೆ.
ಇಲ್ಲಿ ನಾವು ಟಿವಿಯ ಸದ್ದು ಹೆಚ್ಚಿಸುತ್ತೇವೆ.

ಹೊರಗೆ ಬೆಂಚಿನ ಮೇಲೆ ಮಗ ಕೀನನ್, ಹದಿನಾಲ್ಕು.
ಕಾಲಲ್ಲಿ ಹೊಸ ಬಿಳಿ ಬೂಟು.
ಕೊಡಿಸಿದವನ ಹೆಸರು ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ.
ಆತ ನಮ್ಮ ಬ್ಲಾಕಿನ ಮುದುಕಿಯರ ಕರೆಂಟು ಬಿಲ್ಲು ಕಟ್ಟುತ್ತಾನೆ,
ಹೆಣಕ್ಕೆ ಪೆಟ್ಟಿಗೆ ಕೊಡಿಸುತ್ತಾನೆ,
ಪೆಟ್ಟಿಗೆಗೆ ಹೆಣವನ್ನೂ ಅವನೇ ಒದಗಿಸುತ್ತಾನೆ.
ಚುನಾವಣೆಗೆ ಮುಂಚೆ ಕೌನ್ಸಿಲರು ಅವನಲ್ಲಿ ಚಹಾ ಕುಡಿಯುತ್ತಾರೆ.
ಒಂದು ಸಲ ಸೈನ್ಯ ಬಂತು, ಟ್ರಕ್ಕುಗಳಲ್ಲಿ.
ಹುಡುಗರು ಫೋಟೊ ತೆಗೆಸಿಕೊಂಡರು. ಹೋಯಿತು.
ಗ್ರಂಥಾಲಯ ಗುಂಡಿಗೆ ಹೆದರಿ ಮೂರಕ್ಕೇ ಮುಚ್ಚುತ್ತದೆ.
ಮೂರರ ಮೇಲೆ ತೆರೆದಿರುವುದು ಅವನ ಬಾಗಿಲು.

"ಆಂಟಿ, ಮೂಳೆ ಕೂಡಲು ಎಷ್ಟು ದಿನ?"
"ಆರು ವಾರ."
ಬೆರಳು ಮಡಿಸಿ ಎಣಿಸುತ್ತಾನೆ.
ಜೇಬಿನಲ್ಲಿ ಏನೋ ಭಾರವಿದೆ,
ಜಾಕೆಟ್ಟು ಒಂದು ಕಡೆಗೆ ವಾಲಿದೆ.

ಫಾರ್ಮನ್ನು ಮರ್ಲೀನಳ ಕಡೆ ತಳ್ಳುತ್ತೇನೆ.
ಮೆಟ್ಟಿ, ಅಷ್ಟಕ್ಕೇ ನಿಲ್ಲಿಸುತ್ತಾಳೆ.
ಗಾಜಿನಾಚೆ ಆ ಜಾಕೆಟ್ಟನ್ನು ನೋಡುತ್ತಾಳೆ, ತುಂಬ ಹೊತ್ತು.
ಬರೆದದ್ದನ್ನು ಹೊಡೆದುಹಾಕಿ
ಗಂಡನ ಹೆಸರು ಬರೆಯುತ್ತಾಳೆ, ಪೂರ್ತಿ.
ಗೆರೆ ಸಾಲದೆ ಅಂಚಿಗೆ ಹೋಗುತ್ತದೆ.
ಇನ್ನೂ ಬರೆಯುವುದಿದೆ ಎಂಬಂತೆ ನನ್ನನ್ನು ನೋಡುತ್ತಾಳೆ.

ಫಾರ್ಮು ತಿರುಗಿಸಿ ಖಾಲಿ ಬೆನ್ನು ತೋರಿಸುತ್ತೇನೆ.
ಹಾಳೆ ಎತ್ತಿಕೊಂಡು ಬೆಂಚಿನತ್ತ, ಮಗನ ಪಕ್ಕಕ್ಕೆ ಹೊರಡುತ್ತಾಳೆ.
ಸರಪಳಿ ಅಲ್ಲಿಯವರೆಗೆ ಬರುವುದಿಲ್ಲ.
ನನ್ನ ಸ್ವಂತ ಪೆನ್ನು ಕೊಡುತ್ತೇನೆ.