ಚೀಟಿ ಇನ್ನೂ ಹೊರಗಿದೆ

ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಕರೆಂಟು ಹೋದಾಗ
ಬೋರ್ಡಿನ ಮೇಲೆ ನನ್ನದು ಅರ್ಧ ಕ್ಲಾಸು:
ಒಳಗೊಂದು ಪಟ್ಟಿ, ಹೊರಗೊಂದು ಬಾಗಿಲು,
ಕೇಳಿದವರಿಗೆ ಏನು ಕೊಡಬೇಕು ಎಂಬಲ್ಲಿ ನಿಂತ ಸೀಮೆಸುಣ್ಣ.

ವಸ್ತುವನ್ನೇ? ಅದರ ನಕಲನ್ನೇ?
ಅದು ಇರುವ ಜಾಗದ ಗುರುತನ್ನೇ?

ಕೊನೇ ಬೆಂಚಿನ ವಿಶಾಖಾ ತಾಂಡೇಲ್ ನಕ್ಕಳು.
"ಬೈತಖೋಲಿಗೆ ಬನ್ನಿ ಸರ್, ನಸುಕಿನ ನಾಲ್ಕಕ್ಕೆ.
ನಮ್ಮ ಮಾವಶಿ ದಿನಾ ಮಾಡೋದು ಇದೇ."

ಹೋದೆ.
ಐಸ್ ಫ್ಯಾಕ್ಟರಿಯ ಹಿಂದೆ ತಗಡಿನ ಶೆಡ್ಡು,
ಯಾರು ಯಾರದೋ ಮೀನು ಕಾಯುವ ನೀಲಿ ಪೆಟ್ಟಿಗೆಗಳು,
ಸ್ಟೂಲಿನ ಮೇಲೆ ಶೇವಂತಿ ಮಾವಶಿ,
ಕಿವಿಯ ಸಂದಿಯಲ್ಲಿ ಪೆನ್ಸಿಲು, ಮಡಿಲಲ್ಲಿ ಚೀಟಿಗಳ ಡಬ್ಬಿ.

ಒಬ್ಬ ಚೀಟಿ ಚಾಚಿದ. ಇಸೋಣ ಎತ್ತಿ ಕೊಟ್ಟಳು.
ಪೆಟ್ಟಿಗೆ ಖಾಲಿ, ಪುಸ್ತಕದಲ್ಲಿ ಅಡ್ಡ ಗೀಟು.
ಇಸೋಣಕ್ಕೆ ಎಲ್ಲಿಯ ನಕಲು?
ಫೋಟೋ ಹೊಡೆದುಕೊಂಡು ಹೋದರೆ
ಮನೆಯಲ್ಲಿ ಕುದಿಯುವುದು ಬರೀ ಹುಳಿನೀರು.

ಹೋಟೆಲಿನವನೊಬ್ಬನಿಗೆ ಸುಮ್ಮನೆ ನೋಡಬೇಕಂತೆ.
ಮುಚ್ಚಳ ತೆರೆದಳು. ಅವನ ಬೆರಳು ಕಿವಿರಿಗೆ ತಾಗುವ ಮೊದಲೇ
ಮಣಿಕಟ್ಟಿನ ಮೇಲೆ ಫಟ್ಟನೆ ಬಿತ್ತು ಪೆನ್ಸಿಲು:
"ಕಣ್ಣಿಗೆ ಕೊಟ್ಟಿದ್ದೇನೆ, ಕೈಗಲ್ಲ."
ಇದನ್ನೇ ಐದಕ್ಷರದ ಒಂದು ಪದದಲ್ಲಿ ಬರೆಯಲು
ನನಗೆ ಎರಡು ವರ್ಷ ಹಿಡಿದಿತ್ತು.

ಆಮೇಲೆ ಆ ಹುಡುಗ, ಅಳುಮೋರೆಯವ.
ಅವನ ಚೀಟಿಯಲ್ಲಿ: ಮೂರನೇ ಸಾಲು, ಎಡದಿಂದ ಎರಡು.
ರಾತ್ರಿ ಎರಡು ಬೋಟು ಹೆಚ್ಚು ಬಂದು, ಜಾಗ ಸಾಲದೆ,
ಪೆಟ್ಟಿಗೆಗಳೆಲ್ಲ ದೊಡ್ಡ ಶೆಡ್ಡಿಗೆ ಹೋಗಿದ್ದವು.
ಚೀಟಿ ಸುಳ್ಳು ಹೇಳುತ್ತಿರಲಿಲ್ಲ. ಅದು ತೋರಿದ ಕಡೆ ಈಗ
ಕರಗಿದ ನೀರು, ಹುರುಪೆ, ಯಾರದೋ ಒಂಟಿ ಚಪ್ಪಲಿ.
"ಜಾಗ ಬರೆದು ಕೊಟ್ಟೆನಲ್ಲ, ನನ್ನದೇ ತಪ್ಪು.
ಹೆಸರು ಬರೆಯಬೇಕಿತ್ತು," ಎಂದು
ಅವನ ಕೈ ಹಿಡಿದು ಹುಡುಕಲು ಹೋದಳು.

ಹೊರಡುವಾಗ ಕಂಡದ್ದು, ಮೂಲೆಯಲ್ಲೊಂದು ತಗಡಿನ ಪೆಟ್ಟಿಗೆ.
ಐಸಿಲ್ಲ, ನಂಬರಿಲ್ಲ.
ಖಲಾಸಿ ಸಾಂತಾನ್ ಇಟ್ಟು ಹೋದದ್ದಂತೆ:
ಬಲೆ ಹೆಣೆಯುವ ಸೂಜಿ, ಬ್ಯಾಟರಿ ಸೋರಿದ ರೇಡಿಯೋ,
ಮಡಿಚಿದ ಒಂದು ಬಿಳಿ ಅಂಗಿ.
ಹನ್ನೊಂದು ಮಳೆಗಾಲ ಆಯಿತು.

"ಬಿಸಾಡಬಹುದಲ್ಲ?" ಎಂದೆ. ಜಾಗ ಸಾಲದು ಅಂತ ಅವಳೇ ಹೇಳಿದ್ದಳು.
ಕೂಡುವ ಲೆಕ್ಕವೂ ಬಾರದವನನ್ನು ನೋಡುವಂತೆ ನೋಡಿದಳು.
"ಚೀಟಿ ಇನ್ನೂ ಹೊರಗಿದೆಯಲ್ಲ, ಮಾಸ್ತರೇ."

ಹತ್ತಕ್ಕೆ ಕ್ಲಾಸು. ಕರೆಂಟು ಬಂದಿತ್ತು.
ಬೋರ್ಡಿನ ಅರ್ಧವನ್ನು ಯಾರೂ ಅಳಿಸಿರಲಿಲ್ಲ.
ಸೀಮೆಸುಣ್ಣ ಎತ್ತಿಕೊಂಡೆ, ಬೆರಳಲ್ಲಿ ಮೀನಿನ ವಾಸನೆ.

"ಮುಟ್ಟಿದಿರಾ, ಸರ್?" ಎಂದಳು ವಿಶಾಖಾ.