ಕಂಬಳಿ ಹೊದ್ದ ಕೊಳವೆ

ನಾರಿನ್ ಪಟ್ಟಣ. ಜನವರಿ.
ಹೊರಗೆ ಸೊನ್ನೆಗಿಂತ ಇಪ್ಪತ್ತಾರು ಕೆಳಗೆ.
ಜಿಲ್ಲಾ ಕಚೇರಿಯ ಮೂರನೇ ಮಹಡಿಯಲ್ಲಿ
ಗುಮಾಸ್ತರು ಅಂಗಿಯ ತೋಳು ಮಡಚಿ ಕೂತಿದ್ದಾರೆ.
ಕಿಟಕಿಗಳೆಲ್ಲ ಹಾರುಹೊಡೆದಿವೆ.

ಗೋಡೆಗಂಟಿದ ಎರಕದ ಕಬ್ಬಿಣಗಳು
ಪಕ್ಕೆಲುಬು ತೋರಿಸುತ್ತ ಬುಸುಗುಡುತ್ತವೆ.
ತಗ್ಗಿಸಲು ಅವಕ್ಕೆ ತಿರುಪಿಲ್ಲ, ಗುಂಡಿಯಿಲ್ಲ.
ಸೆಕೆಯಾದರೆ ಕಿಟಕಿ ತೆರೆ:
ಯಾವ ಗೆಜೆಟ್ಟಿನಲ್ಲೂ ಅಚ್ಚಾಗದೆ
ಐವತ್ತು ವರ್ಷ ಎಲ್ಲರೂ ತಪ್ಪದೆ ಪಾಲಿಸಿದ
ಒಂದೇ ಒಂದು ಕಾನೂನು.

ನಾನು ರಾಜಧಾನಿಯಿಂದ ಬಂದ ಲೆಕ್ಕದವಳು.
ಕೈಯಲ್ಲಿ ಹದಿನೇಳು ಪುಟದ ನಮೂನೆ.
ಬಲ್ಬು ಎಷ್ಟು, ನಲ್ಲಿ ಎಷ್ಟು, ಕಲ್ಲಿದ್ದಲು ಎಷ್ಟು ಟನ್ನು.
ತೆರೆದ ಕಿಟಕಿಗೆ ಕಾಲಮ್ಮಿಲ್ಲ.
ಷರಾ ಎಂದಿದ್ದಲ್ಲಿ ಬರೆದೆ: ಮೂವತ್ತೊಂದು.
ಯಾತರ ಮೂವತ್ತೊಂದು ಎಂದು
ಯಾರೂ ಕೇಳಲಾರರು, ಗೊತ್ತು.

ನೆಲಮಾಳಿಗೆಯಲ್ಲಿ ಸಗಿನ್‌ಬೆಕ್.
ರಾತ್ರಿಗೆ ನೂರೈವತ್ತು ಸಲಿಕೆ,
ಲೆಕ್ಕ ನನ್ನದಲ್ಲ, ಅವನ ಸೊಂಟದ್ದು.
ಮೇಲಿನವರು ನಡುಗುತ್ತಿದ್ದಾರೆಂದೇ ನಂಬಿ
ಇಪ್ಪತ್ತೆರಡು ಚಳಿಗಾಲ
ಒಲೆಯ ಬಾಯಿಗೆ ತುತ್ತಿಟ್ಟವನು;
ಮೂರನೇ ಮಹಡಿಯನ್ನು ಒಮ್ಮೆಯೂ ಹತ್ತಿದವನಲ್ಲ.
ಹೇಳಲೇ,
ನಿನ್ನ ಬೆಂಕಿ ನದಿಯ ಮೇಲಣ ಕಾಗೆಗಳನ್ನು ಕಾಯಿಸುತ್ತಿದೆಯೆಂದು?
ಹೇಳಲಿಲ್ಲ.
ಬಟ್ಟಲಿಗೆ ಅರ್ಧವೇ ಚಹಾ ಸುರಿದ.
ನಮ್ಮಲ್ಲಿ ಹಾಗೆಯೇ: ತುಂಬ ಸುರಿದರೆ
ಎದ್ದು ಹೋಗು ಎಂದರ್ಥ.
ನಾಲ್ಕು ಸಲ ಅರ್ಧರ್ಧ ಕುಡಿದೆ.

ಉತ್ತರದ ಬಚ್ಚಲಲ್ಲಿ ನಲ್ಲಿಯೊಂದು
ನೂಲಿನಷ್ಟು ಸಪೂರ ಸುರಿಯುತ್ತಿತ್ತು.
ಲೀಟರಿನ ಜಾಡಿ ಹಿಡಿದೆ: ನಲವತ್ತು ಸೆಕೆಂಡು.
ದಿನಕ್ಕೆ ಎರಡು ಸಾವಿರದ ನೂರ ಅರವತ್ತು ಲೀಟರು!
ಯಾರಪ್ಪನ ಮನೆಯ ಗಂಟು, ಎಂದುಕೊಂಡು
ಬಿಗಿಯಾಗಿ ತಿರುಪಿ ಬಂದೆ.
ಕಸ ಗುಡಿಸುವ ಅಸಿಲ್‌ಕಾನ್
ಪೊರಕೆ ಒರಗಿಸಿ ಒಳಹೋದಳು,
ಮತ್ತೆ ತೆರೆದಳು, ಅಷ್ಟೇ ಸಪೂರಕ್ಕೆ.

"ಮುಚ್ಚಿದರೆ ಬೆಳಗಾಗುವುದರೊಳಗೆ ಕೊಳವೆ ಕಲ್ಲಾಗುತ್ತೆ, ಮಗಳೇ.
ಸೋವಿಯತ್ತಿನ ಕೊನೆಯ ಚಳಿಗಾಲ ಒಡೆದಿತ್ತು.
ಜನನ ಮರಣದ ದಫ್ತರಗಳು ನೆನೆದು ಹೆಪ್ಪುಗಟ್ಟಿ
ಸತ್ತವರೂ ಬದುಕಿದ್ದವರೂ ಒಂದೇ ಗಡ್ಡೆಯಲ್ಲಿ.
ಕೊಡಲಿ ಹಿಡಿದು ಬಿಡಿಸಿದೆವು.
ನನ್ನ ಹುಟ್ಟಿದ ತಾರೀಖು ಇನ್ನೂ ಸಿಕ್ಕಿಲ್ಲ."

ನಾನು ದುಂದು ಎಂದು ಬರೆದದ್ದು
ಮೂವತ್ತು ವರ್ಷದ ಕಾವಲು.
ಒಂದೇ ಕಟ್ಟಡ:
ಮೇಲೆ ಬಿಸಿ ತಾಳದೆ ಬೆಂಕಿ ಬೀದಿಗೆ,
ಕೆಳಗೆ ಚಳಿ ತಾಳದೆ ನೀರು ಹೊಳೆಗೆ.
ಹೊಡೆದು ಹಾಕಿ ಮತ್ತೆ ಬರೆದೆ:
ಕವಾಟ ಅರವತ್ತು. ಕೊಳವೆಗೆ ಹೊದಿಕೆ, ಹನ್ನೊಂದು ಮೀಟರು.
ಉತ್ತರ ಬಂತು: ಮುಂದಿನ ಆರ್ಥಿಕ ವರ್ಷ.

ಅಸಿಲ್‌ಕಾನ್ ಆರ್ಥಿಕ ವರ್ಷ ಕಾಯಲಿಲ್ಲ.
ಸೋಮವಾರ ಹೆಗಲ ಮೇಲೆ ಹೊತ್ತು ತಂದಳು
ಅತ್ತೆ ಉಣ್ಣೆ ಬಡಿದು ಮಾಡಿದ ಹಳೆಯ ಕಂಬಳಿ,
ಅಂಚಿಗೆ ಟಗರುಗೊಂಬಿನ ಚಿತ್ತಾರ.
ಸೀಳಿದಳು, ಸುತ್ತಿದಳು,
ದಬ್ಬಣದಲ್ಲಿ ಹೊಲಿದಳು,
ನಲ್ಲಿ ತಿರುಪಿದಳು.
ಆ ಮೌನ ಎಷ್ಟು ದೊಡ್ಡದಿತ್ತೆಂದರೆ
ಸಗಿನ್‌ಬೆಕ್ ಸಲಿಕೆ ಹಿಡಿದೇ ಓಡಿಬಂದ.

ರಾತ್ರಿಯಿಡೀ ಮೂವರೂ ಗೋಡೆಗೆ ಕಿವಿಗೊಟ್ಟೆವು.
ಬೆಳಿಗ್ಗೆ ತೆರೆದರೆ ಮೊದಲು ಬರೀ ಗಾಳಿ,
ಒಂದು ಕೆಮ್ಮು,
ಆಮೇಲೆ ನೀರು.

ಮರುವರ್ಷ ಕವಾಟಗಳೂ ಬಂದವು, ಅರವತ್ತಲ್ಲ, ನಲವತ್ತು.
ಕಿಟಕಿಗಳು ಮುಚ್ಚಿದವು, ಒಂದೊಂದಾಗಿ, ಅನುಮಾನಿಸುತ್ತ.
ಈಗ ಸಲಿಕೆ ಎಂಬತ್ತು.
"ಉಳಿದ ರಾತ್ರಿಯನ್ನು ಏನು ಮಾಡಲಿ?"
ಸಗಿನ್‌ಬೆಕ್ ಕೇಳಿದ.
ನಮೂನೆ ತಿರುವಿದೆ. ಅದಕ್ಕೂ ಕಾಲಮ್ಮಿರಲಿಲ್ಲ.

ದಾಸ್ತಾನಿನ ಗುಮಾಸ್ತ ಬಂದು
ಕಂಬಳಿಗೂ ತಗಡಿನ ಬಿಲ್ಲೆ ಹೊಡೆದು ಹೋದ:
ಸರ್ಕಾರಿ ಸ್ವತ್ತು, ನಾಲ್ಕು ಸಾವಿರದ ನಾನೂರ ಹದಿನೇಳು.
ಅಸಿಲ್‌ಕಾನ್ ಬಿಲ್ಲೆಯ ಧೂಳೊರೆಸಿ ಹೇಳಿದಳು,
"ನಮ್ಮತ್ತೆಗೆ ಕೊನೆಗೂ ನೌಕರಿ ಸಿಕ್ಕಿತು."