ಚಕ್ಕುಬಂದಿ

ಅಪ್ಪ ಬೈಬಲ್ ಓದುತ್ತಿದ್ದದ್ದು
ಪಹಣಿ ಓದುವವರ ಹಾಗೆ.
ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆಯುವ ಕೆಲಸ, ಮೂವತ್ತೊಂದು ವರ್ಷ.
ಕೀರ್ತನೆಗಳು ಅವನಿಗೆ ಅಷ್ಟಾಗಿ ರುಚಿಸುತ್ತಿರಲಿಲ್ಲ.
ಯೆಹೋಶುವನ ಪುಸ್ತಕ ಬಂತೋ,
ಕನ್ನಡಕ ಒರೆಸಿ, ಸಾಲಿನ ಕೆಳಗೆ ಉಗುರಿಟ್ಟು, ಗಟ್ಟಿಯಾಗಿ:
ಮೇರೆಯು ಉಪ್ಪಿನ ಸಮುದ್ರದ ತುದಿಯಿಂದ ಹೊರಟು
ದಿಣ್ಣೆ ಹತ್ತಿ, ಹಳ್ಳದ ಗುಂಟ ತಿರುಗಿ...

'ನೋಡು ಫಿಲೊಮಿನ್, ದೇವರಾದರೂ
ಬರೀ ಬಾಯಿಮಾತಲ್ಲಿ ಕೊಡೋದಿಲ್ಲ.
ಚಕ್ಕುಬಂದಿ ಹೇಳಿ ಕೊಡ್ತಾನೆ.
ಪಡುವಣಕ್ಕೆ ಮಹಾಸಮುದ್ರ.
ನಮ್ಮ ಅರ್ಗಾದ ಗದ್ದೆಗೂ ಅದೇ ಅಲ್ವಾ?'

ನನಗೆ ಹಾಗಾಗಿ ಬಹಳ ವರ್ಷ
ಯೊರ್ದನ್ ಅಂದರೆ ಕಾಳಿ ಹೊಳೆ,
ನೆಬೋ ಬೆಟ್ಟ ಅಂದರೆ ಸದಾಶಿವಗಡ.
ಮೋಶೆ ಅಲ್ಲಿ ನಿಂತು, ಸೇತುವೆಯಾಚೆ ನೋಡುತ್ತ,
ದಾಟದೆ ಸತ್ತ.

ನೌಕಾನೆಲೆಗೆ ಭೂಮಿ ಅಳೆದಾಗ
ಸರಪಳಿಯ ಒಂದು ತುದಿ ಅಪ್ಪನ ಕೈಲೇ ಇತ್ತು.
ತೆಂಗು ಹದಿನಾಲ್ಕು. ಮುರುಗಲ ಎರಡು. ಬಾವಿ ಒಂದು.
ತನ್ನದನ್ನು ತಾನೇ ಕೂಗಿದ,
ಸಾಹೇಬರು ಬರೆದುಕೊಂಡರು.

ತೋಡೂರಿನಲ್ಲಿ ಸೈಟು ಸಿಕ್ಕಿತು.
ಮೂಡಣಕ್ಕೆ ರಸ್ತೆ. ತೆಂಕಣಕ್ಕೆ ಗಟಾರ.
ಪಡುವಣಕ್ಕೆ ಸೈಟ್ ನಂಬರ್ ನೂರಹನ್ನೆರಡು.
ಅಪ್ಪ ಆ ಸಾಲನ್ನು ಎರಡು ಸಲ ಓದಿದ.

ಮಾಯ್ ಬಾವಿಕಟ್ಟೆಯ ಕಲ್ಲು ಹೊತ್ತು ತಂದಳು.
ಯೊರ್ದನಿನಿಂದ ಎತ್ತಿದ್ದು ಹನ್ನೆರಡು;
ನಮ್ಮವು ಐದು.
ಟೆಂಪೋದವ ಅಷ್ಟಕ್ಕೇ ಒಪ್ಪಿದ್ದು.
'ಈ ಕಲ್ಲು ಯಾಕೆ?' ಎಂದು ಮುಂದೆ ನನ್ನ ಮಗ ಕೇಳಿದಾಗ
'ಬಟ್ಟೆ ಒಗೆಯೋದಕ್ಕೆ' ಅಂದಳು.

ನಾನೊಮ್ಮೆ ಸಿಟ್ಟಿನಲ್ಲೇ ಕೇಳಿದ್ದೆ:
ಕೊಟ್ಟ ಮಾತು ಒಂದೂ ತಪ್ಪಲಿಲ್ಲ ಅಂತ ಬರೆದಿದೆಯಲ್ಲ ಪಪ್ಪಾ?
ಅವನು ಹಿಂದಕ್ಕೆ, ಆದಿಕಾಂಡಕ್ಕೆ ಹಾಳೆ ತಿರುವಿದ.
'ಕಣ್ಣು ಹಾಯುವಷ್ಟೂ ನಿನ್ನದೇ ಅಂತ ಹೇಳಿಸಿಕೊಂಡವನು
ಸಾಯುವಾಗ ಅಬ್ರಹಾಮನ ಖಾತೆಗೆ ಕೂತದ್ದು ಎಷ್ಟು?
ಹೆಂಡತಿಯನ್ನು ಹೂಳಲು ಒಂದು ಗವಿ.
ನಾನೂರು ಬೆಳ್ಳಿ. ಚೌಕಾಸಿ ಕೂಡ ಮಾಡಲಿಲ್ಲ.
ಹೊಲ, ಗವಿ, ಸುತ್ತಲ ಮರ, ಎಲ್ಲ ಬರೆಸಿಕೊಂಡ.
ಅದು ಗೂಟ, ಮಗಾ. ಮೊದಲನೇ ಗೂಟ.
ಅಳತೆ ಅಲ್ಲಿಂದ ಶುರು.'

ಅಜ್ಜಿಯ ಗೋರಿ ಬೇಲಿಯೊಳಗೆ ಉಳಿದಿತ್ತು.
ಪ್ರತಿ ನವೆಂಬರ್ ಎರಡಕ್ಕೆ ಹೆದ್ದಾರಿ ಬದಿಯಲ್ಲಿ ನಿಂತು
ಅತ್ತ ಮುಖಮಾಡಿ ಮೇಣಬತ್ತಿ ಹಚ್ಚುತ್ತಿದ್ದ.
ಲಾರಿ ಹೋದಾಗಲೆಲ್ಲ ಆರುತ್ತಿತ್ತು.
ಮತ್ತೆ ಹಚ್ಚುತ್ತಿದ್ದ. ಗೂಟ ಅಲುಗಿಲ್ಲ ಎಂದು
ನೋಡಲು ಬಂದವನ ಹಾಗೆ.

ಹೋದ ಜೇಷ್ಠದಲ್ಲಿ ಅವನನ್ನು ಮಣ್ಣಿಗಿಟ್ಟೆವು.
ಮೂಡಣಕ್ಕೆ ಯಾರೋ ಕ್ಲೌದಿನ್ ಬಾಯಿ.
ಬಡಗಣಕ್ಕೆ ನಲ್ಲಿ. ಪಡುವಣಕ್ಕೆ ಗೋಡೆ,
ಗೋಡೆಗೆ ಒರಗಿಸಿದ ಯಾರದೋ ಸೈಕಲ್ಲು.
ಕೆಂಪು ಮಣ್ಣು ತೋಡುತ್ತ ತೋಡುತ್ತ
ಎದೆಮಟ್ಟ ಇಳಿದಿದ್ದ ಇನಾಸ್
ಗುದ್ದಲಿ ನಿಲ್ಲಿಸಿ, ಒಂದು ಹಿಡಿ ಮೇಲೆತ್ತಿ ತೋರಿಸಿದ.
ಮರಳು. ಒದ್ದೆ ಮರಳು, ಚಿಪ್ಪಿನ ಚೂರು.
'ಕಡಲು ಮೊದಲು ಇಲ್ಲೀತನಕ ಇತ್ತು ಬಾಯಿ.'

ಕೆಳಗೆ ಏನಿದೆ ಎಂದು ಬರೆಯಲು
ಚಕ್ಕುಬಂದಿಯಲ್ಲಿ ಜಾಗವಿಲ್ಲ.